ಪಾಸ್ಟರರ ಮನೆಗೆ ಸಾಲ ಕೊಡುವ ಬೆಳಗಾವಿಯ ಒಂದು ಸೌಹಾರ್ದ ಸಹಕಾರಿ: ಠೇವಣಿದಾರನ ಅನುಭವ

ನಮ್ಮ ತಂದೆಯವರು 31 ವರ್ಷ ಮೆಥೋಡಿಸ್ಟ್ ಸಭೆಯ ಪಾಸ್ಟರರಾಗಿ ಬೈಲಹೊಂಗಲ, ಗೋಕಾಕ, ಖಾನಾಪುರ ಎಂದು ವರ್ಗವಾದಲ್ಲೆಲ್ಲ ಸಭೆ ಕೊಟ್ಟ ಮನೆಯಲ್ಲಿಯೇ ಸಂಸಾರ ನಡೆಸಿದರು. ಬಾಡಿಗೆಯ ಚಿಂತೆ ಇರಲಿಲ್ಲವೆಂಬುದು ನಿಜ. ಆದರೆ ನಿವೃತ್ತಿಯಾಗಿ ಬೀಗದ ಕೈಯನ್ನು ಮುಂದಿನ ಪಾಸ್ಟರರಿಗೆ ಒಪ್ಪಿಸಿದ ಮೇಲೆ ಸಾಮಾನು ಇಳಿಸಲು ಸ್ವಂತದ್ದೆಂಬ ಒಂದು ಖೋಲಿಯೂ ನಮಗಿರಲಾರದು ಎಂಬ ಅಂಜಿಕೆ ಅವ್ವನಿಗೆ ಸದಾ ಇತ್ತು. ಎರಡು ಬ್ಯಾಂಕುಗಳು ಸಂಬಳದ ಚೀಟಿ, ಫಾರ್ಮ್ 16 ಕೇಳಿ ಅರ್ಜಿಯನ್ನು ಹಿಂದಿರುಗಿಸಿದವು.

ಆಗ ನಾವು ಹೋದದ್ದು ಸಭೆಯ ಹಿರಿಯರೇ ಕಟ್ಟಿದ ಈ ಸೌಹಾರ್ದಕ್ಕೆ. ಒಂದು ಲೋಪವನ್ನೂ ಬರೆಯಬೇಕಾಗಿರುವುದರಿಂದ ಹೆಸರು ಹೇಳುತ್ತಿಲ್ಲ. 1997ರ ಸೌಹಾರ್ದ ಸಹಕಾರಿ ಕಾಯ್ದೆಯಡಿ ನೋಂದಣಿಯಾದ ಈ ಸಂಸ್ಥೆಯಲ್ಲಿ ಒಂದು ವಿಶೇಷ ಠೇವಣಿಯಿದೆ: ಮಾಮೂಲಿ ಠೇವಣಿಗಿಂತ ಶೇಕಡಾ ಅರ್ಧ ಕಡಿಮೆ ಬಡ್ಡಿ, ಆ ಹಣವೆಲ್ಲ ಪಾಸ್ಟರರ ಮನೆಸಾಲಕ್ಕೇ ಮೀಸಲು. ಸಾಲದ ಬಡ್ಡಿಯೂ ಅಷ್ಟೇ ಇಳಿಯುತ್ತದೆ. ದಾನ ಕೊಟ್ಟರೆ ಒಮ್ಮೆ ಖರ್ಚಾಗಿ ಹೋಗುತ್ತದೆ; ಇಲ್ಲಿ ಒಬ್ಬರ ಕಂತು ಮರಳಿದಂತೆ ಅದೇ ಹಣ ಇನ್ನೊಬ್ಬರ ಬುನಾದಿಗೆ ಹೋಗುತ್ತದೆ. ನಾನು ಠೇವಣಿ ಇಟ್ಟದ್ದು ಈ ಕಾರಣಕ್ಕೆ.

ನನ್ನ ಮನಸ್ಸಿಗೆ ಹೆಚ್ಚು ಹಿಡಿಸಿದ್ದು ಅವರು ಆದಾಯವನ್ನು ಅಳೆದ ರೀತಿ. ವ್ಯವಸ್ಥಾಪಕರು ಸಭೆಯ ಖಜಾಂಚಿ ಬರೆದ ಮೂರು ವರ್ಷದ ಲೆಕ್ಕದ ವಹಿಯನ್ನು ತರಿಸಿ, ಗೌರವಧನದ ಸಾಲುಗಳನ್ನು ಬೆರಳಿಟ್ಟು ಓದಿದರು. ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ಕುಂಬಳಕಾಯಿ, ಎರಡು ಹುಂಜ, ಒಂದು ಚೀಲ ಜೋಳ ಎಷ್ಟಕ್ಕೆ ಹೋದವೆಂಬುದನ್ನೂ ಬಿಡಲಿಲ್ಲ. ಜೋಳದ ಇಳುವರಿ ಕಡಿಮೆಯಾದ ವರ್ಷ ಸಭೆಯ ಕಾಣಿಕೆಯೂ ಕುಗ್ಗುತ್ತದೆಂದು ಅರಿತು, ಕಂತನ್ನು ಆ ವರ್ಷದ ಗೌರವಧನಕ್ಕೆ ಹೊಂದಿಸಿ ನಿಗದಿಪಡಿಸಿದರು. ಇಬ್ಬರು ಜಾಮೀನುದಾರರು ಸಭೆಯವರೇ. ಜಾಗದ ಉತಾರದಲ್ಲಿ ಸಾಲದ ಬೋಜಾ ದಾಖಲಾಯಿತು.

ಲೋಪ ಕಂಡದ್ದು ಹಣ ಬಿಡುಗಡೆಯಲ್ಲಿ. ಸ್ಲ್ಯಾಬಿನ ಹಂತದ ಕಂತು ಐದು ವಾರ ತಡವಾಗಿ ಬಂದಿದ್ದರಿಂದ ಸೆಂಟ್ರಿಂಗ್ ಹಲಗೆಗಳ ಬಾಡಿಗೆ ನಮ್ಮ ಮೈಮೇಲೆ ಬಿತ್ತು. ನೋಡಿ ಹೋಗಬೇಕಾದ ಇಂಜಿನಿಯರ್ ಒಬ್ಬರೇ ಎಂದರು. ಅದನ್ನು ಸಾಲ ಮಂಜೂರು ಮಾಡುವಾಗಲೇ ತಿಳಿಸಿದ್ದರೆ ಗವಂಡಿಯವರಿಗೆ ದಿನಾಂಕವನ್ನು ಹೊಂದಿಸಿ ಹೇಳುತ್ತಿದ್ದೆವು.

ಠೇವಣಿ ಇಡುವವರಿಗೆ ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಬ್ಯಾಂಕಿನ ಠೇವಣಿಗೆ 2020ರ ಫೆಬ್ರುವರಿಯಿಂದ 5 ಲಕ್ಷ ರೂಪಾಯಿವರೆಗೆ ಇರುವ ವಿಮೆ ಇಂತಹ ಪತ್ತಿನ ಸೌಹಾರ್ದಗಳ ಠೇವಣಿಗೆ ಇಲ್ಲ. ಕೌಂಟರಿನಲ್ಲಿ ಇದನ್ನು ಯಾರೂ ತಾವಾಗಿ ಹೇಳಲಿಲ್ಲ, ಅರ್ಜಿಯಲ್ಲಿಯೂ ಮುದ್ರಿಸಿಲ್ಲ. ಭಕ್ತಿಯ ಹೆಸರಿನಲ್ಲಿ ಹಣ ಪಡೆಯುವವರು ಇದನ್ನು ಮೊದಲ ಪುಟದಲ್ಲಿಯೇ ಬರೆಯಬೇಕು, ಏಕೆಂದರೆ ಅಲ್ಲಿ ಸಾಲುಗಟ್ಟಿ ನಿಲ್ಲುವ ವಿಧವೆಯರು ಮತ್ತು ಪಿಂಚಣಿದಾರರು ವಾರ್ಷಿಕ ವರದಿಯನ್ನು ಓದಿಯಲ್ಲ, ಪಾಸ್ಟರರ ಮುಖ ನೋಡಿ ಹಣ ಇಡುತ್ತಾರೆ. ಸರ್ವಸಾಧಾರಣ ಸಭೆಯಲ್ಲಿ ಕಟಬಾಕಿಯ ಅಂಕಿಯನ್ನು ಕೇಳಿ ಪಡೆಯಿರಿ. ನಾನು ಕೇಳಿದಾಗ ಬೇಸರಿಸದೆ ತೋರಿಸಿದರು.

ಈಗ ತಂದೆಯವರು ತಮ್ಮದೇ ಎರಡು ಖೋಲಿಯ ಮನೆಯಲ್ಲಿದ್ದಾರೆ. ಮಾರ್ಚ್‌ನಲ್ಲಿ ಅವಧಿ ಮುಗಿದ ಠೇವಣಿಯಲ್ಲಿ ಅರ್ಧವನ್ನು ರಾಷ್ಟ್ರೀಕೃತ ಬ್ಯಾಂಕಿಗೆ ಹಾಕಿ, ಉಳಿದರ್ಧವನ್ನು ಅದೇ ಯೋಜನೆಯಲ್ಲಿ ಮತ್ತೆ ಮೂರು ವರ್ಷಕ್ಕೆ ಇಟ್ಟಿದ್ದೇನೆ.