ಕ್ಲಾಸ್ ಪ್ರಾಜೆಕ್ಟ್ ಅಂತ ಮದುವೆ ವಿಡಿಯೊ ಎಡಿಟ್ ಮಾಡಿಸುವ ಕೋರ್ಸ್‌ಗಳಿವೆ, ಫೀ ಕಟ್ಟೋ ಮೊದಲು ಓದಿ

ಹುಬ್ಬಳ್ಳಿ-ಧಾರವಾಡದಲ್ಲಿ ವಿಡಿಯೊ ಎಡಿಟಿಂಗ್, ಫಿಲ್ಮ್ ಮೇಕಿಂಗ್ ಕೋರ್ಸ್ ಹುಡುಕುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅವರ ಅಪ್ಪ ಅಮ್ಮನೂ ಓದಿದರೆ ಒಳ್ಳೆಯದು, ಯಾಕಂದ್ರೆ ದುಡ್ಡು ಅವರದೇ ಅಲ್ವಾ. "ನಮ್ಮಲ್ಲಿ ಥಿಯರಿ ಕಡಿಮಿ, ಎಲ್ಲಾ ಲೈವ್ ಪ್ರಾಜೆಕ್ಟ್" ಅಂತ ಯಾರಾದರೂ ಹೇಳಿದರೆ ಖುಷಿಪಡುವ ಮೊದಲು ಕೇಳಿ: ಆ ಫೂಟೇಜ್ ಯಾರು ಶೂಟ್ ಮಾಡಿದ್ದು? ಎಡಿಟ್ ಆದ ಮೇಲೆ ಅದು ಯಾರ ಕೈಗೆ ಹೋಗುತ್ತೆ? ಉತ್ತರ ಕೊಡೋಕೆ ತಡವರಿಸಿದರೆ ಎದ್ದು ಬನ್ನಿ.

ನಾನು ಗದಗಿನವಳು. ಬಿ.ಕಾಂ. ಮುಗಿಸಿ ಹುಬ್ಬಳ್ಳಿಯ ಒಂದು ಸಂಸ್ಥೆಗೆ ಸೇರಿದೆ. ಹೆಸರು ಬರೆಯುತ್ತಿಲ್ಲ. ಸೇರುವಾಗ ಸಂಕ್ರಾಂತಿ ಮುಗಿದಿತ್ತು. ಫೀ 40 ಸಾವಿರ, ಎರಡು ಕಂತಿನಲ್ಲಿ. ಕೊಟ್ಟ ಕರಪತ್ರದಲ್ಲಿ ಕ್ಯಾಮೆರಾ, ಲೈಟಿಂಗ್, ಸೌಂಡ್, ಎಡಿಟಿಂಗ್, ಕಲರ್ ಎಲ್ಲ ಇತ್ತು. ಕೊನೆಗೆ ಒಂದು ಕಿರುಚಿತ್ರ, ಒಂದು ಡಾಕ್ಯುಮೆಂಟರಿ ಅಂತಲೂ ಇತ್ತು. ಗದಗಿನಿಂದ ರೈಲಿನಲ್ಲಿ ಓಡಾಡುತ್ತಿದ್ದೆ.

ಶುರುವಿನಲ್ಲಿ ಟೈಮ್‌ಲೈನ್ ಅಂದ್ರೆ ಏನು, ಕಟ್ ಹೇಗೆ ಮಾಡೋದು, ಶಾರ್ಟ್‌ಕಟ್ ಕೀ ಯಾವುವು ಅಂತ ಹೇಳಿಕೊಟ್ಟರು. ಅಷ್ಟರಲ್ಲೇ "ಇನ್ಮ್ಯಾಲೆ ಪ್ರಾಜೆಕ್ಟ್" ಅಂತ ಒಬ್ಬೊಬ್ಬರಿಗೆ ಒಂದೊಂದು ಹಾರ್ಡ್ ಡಿಸ್ಕ್ ಕೊಟ್ಟರು. ನನ್ನ ಡಿಸ್ಕ್‌ನಲ್ಲಿ ಇದ್ದದ್ದು ಒಂದು ಮದುವೆ. ಅರಿಶಿಣ, ಸುರಗಿ, ಅಕ್ಷತೆ, ಊಟದ ಪಂಕ್ತಿ, ರಿಸೆಪ್ಷನ್, ಎಲ್ಲ ಬೇರೆ ಬೇರೆ ಫೋಲ್ಡರ್. ಇದರಿಂದ ಐದು ನಿಮಿಷದ ಹೈಲೈಟ್ಸ್ ಮಾಡು, ಜೊತೆಗೆ ಪೂರ್ತಿ ಉದ್ದದ ವಿಡಿಯೊನೂ ಮಾಡು ಅಂದರು. ಮದುವೆ ಫೂಟೇಜ್ ಮೇಲೆ ಅಭ್ಯಾಸ ಮಾಡಿಸೋದು ತಪ್ಪಲ್ಲ. ಲೈಟು ಬದಲಾಗ್ತಾ ಇರುತ್ತೆ, ಮೂರು ಕ್ಯಾಮೆರಾ ಸಿಂಕ್ ಮಾಡಬೇಕು, ನಾದಸ್ವರದ ಗದ್ದಲದಲ್ಲಿ ಮಾತು ಹೆಕ್ಕಬೇಕು. ಕಲಿಯೋರಿಗೆ ಒಳ್ಳೆ ಸಾಮಗ್ರಿ.

ಎಡಿಟ್ ತೋರಿಸಿದ ಮೇಲೆ ವಾಟ್ಸ್ಆ್ಯಪ್‌ನಲ್ಲಿ ಬರುತ್ತಿದ್ದ ತಿದ್ದುಪಡಿಗಳು ಮಾತ್ರ ವಿಚಿತ್ರ ಅನ್ನಿಸೋಕೆ ಶುರುವಾಯಿತು. "ಹುಡುಗನ ಸೋದರಮಾವ ಬರೇ ಒಂದ ಶಾಟ್‌ನ್ಯಾಗ ಅದಾರ, ಇನ್ನೊಂದೆರಡು ಹಾಕು." "ಆಹೇರಿ ಕೊಡೂದು ಪೂರಾ ಇರ್ಲಿ, ಕಟ್ ಮಾಡಬ್ಯಾಡ." "ನೀಲಿ ಸೀರಿ ಉಟ್ಟಾಕೀನ್ನ ತಗದುಬಿಡು." ನೀಲಿ ಸೀರೆಯವರನ್ನು ಯಾಕೆ ತೆಗೆಯಬೇಕು ಅಂತ ಕೇಳಿದೆ. ಅವರು ನಗುತ್ತಿದ್ದ ಶಾಟ್ ಆ ವಿಡಿಯೊದಲ್ಲೇ ಚೆನ್ನಾಗಿತ್ತು. "ತಂಗಿ, ಹೇಳಿದಷ್ಟು ಮಾಡು, ಅವ್ರ ಮನ್ಯಾಗ ಜಗಳ ಐತಿ" ಅಂದರು.

ಇದನ್ನು ಎಲ್ಲರೂ ಗುರುತಿಟ್ಟುಕೊಳ್ಳಿ. ಕಲಿಸುವವರು ತಿದ್ದುವಾಗ ಕಟ್ ಬಗ್ಗೆ ಮಾತಾಡ್ತಾರೆ: ಈ ಶಾಟ್ ಇಷ್ಟು ಹೊತ್ತು ಯಾಕೆ ಹಿಡಿದೆ, ಇಲ್ಲಿ ಕೈ ಎತ್ತಿದ್ದು ಮುಂದಿನ ಶಾಟ್‌ನಲ್ಲಿ ಯಾಕೆ ಕೆಳಗಿದೆ, ಈ ಮ್ಯೂಸಿಕ್ ಇಲ್ಲದಿದ್ರೆ ಏನಾಗುತ್ತೆ. ಗಿರಾಕಿ ತಿದ್ದಿಸೋದು ಜನರ ಬಗ್ಗೆ: ಯಾರು ಕಾಣಬೇಕು, ಯಾರು ಕಾಣಬಾರದು. ನಿಮ್ಮ ಕ್ಲಾಸ್ ಪ್ರಾಜೆಕ್ಟ್‌ಗೆ ಬರೀ ಎರಡನೇ ತರಹದ ತಿದ್ದುಪಡಿ ಬರ್ತಿದ್ದರೆ ಅದು ಕ್ಲಾಸ್ ಅಲ್ಲ, ಆರ್ಡರ್. ಆ ಮೆಸೇಜುಗಳು ಬೀಗರ ಮನೆಯಿಂದ ಸರ್‌ಗೆ ಬಂದು, ಹಾಗೇ ನಮಗೆ ಫಾರ್ವರ್ಡ್ ಆಗುತ್ತಿದ್ದವು. ಒಂದರಲ್ಲಿ "ಬ್ಯಾಲೆನ್ಸ್ ಡೆಲಿವರಿ ಆದ್ಮ್ಯಾಲೆ ಕೊಡ್ತೀವಿ" ಅನ್ನೋ ಸಾಲನ್ನೂ ಅಳಿಸೋದು ಮರೆತಿದ್ದರು.

ಸಂಸ್ಥೆಯ ಮಾಲೀಕರದೇ ಒಂದು ಮದುವೆ ಸ್ಟುಡಿಯೊ ಇತ್ತು. ಹೆಸರು ಬೇರೆ, ಬಾಗಿಲು ಬೇರೆ. ನಾವು ಬ್ಯಾಚ್‌ನವರು ಅದರ ಇನ್‌ಸ್ಟಾಗ್ರಾಂ ಪುಟ ತೆಗೆದು ನೋಡಿದರೆ ನಮ್ಮ ಎಡಿಟ್‌ಗಳೇ ಸಾಲಾಗಿ ಕೂತಿವೆ, ಮೂಲೆಯಲ್ಲಿ ಅವರ ಲೋಗೊ. ಅಂದ್ರೆ ನಾವು ಫೀ ಕಟ್ಟಿ ಅವರ ಸ್ಟುಡಿಯೊದಲ್ಲಿ ಪುಕ್ಕಟೆ ದುಡಿಯುತ್ತಿದ್ದೆವು. ಸಂಬಳ ಇಲ್ಲದ ಕೆಲಸ ಬೇರೆ, ನಾವೇ ದುಡ್ಡು ಕೊಟ್ಟು ಮಾಡುವ ಕೆಲಸ ಬೇರೆ!

ಕ್ಲಾಸ್ ಯಾವಾಗ ಅಂತ ಕೇಳಿದರೆ "ಸೀಜನ್ ಮುಗೀಲಿ" ಅನ್ನೋರು. ಜ್ಯೇಷ್ಠದವರೆಗೂ ಹೀಗೇ ನಡೆಯಿತು. ಆಮೇಲೆ ಆಷಾಢ ಬಂತು. ಆಷಾಢದಲ್ಲಿ ಲಗ್ನ ಇಲ್ಲ, ಸ್ಟುಡಿಯೊಗೆ ಆರ್ಡರ್ ಇಲ್ಲ. ಅದೊಂದು ತಿಂಗಳು ನಿಜವಾದ ಕ್ಲಾಸ್ ಆಯಿತು ನೋಡಿ! ನಮ್ಮನ್ನು ಉಣಕಲ್ ಕೆರೆ ಹತ್ತಿರದ ಒಂದು ಚಹಾ ಅಂಗಡಿಗೆ ಕರ್ಕೊಂಡು ಹೋದರು. ಇಬ್ಬರು ಗೆಳೆಯರು, ಒಬ್ಬನಿಗೆ ಇನ್ನೊಬ್ಬ ಸಾಲ ವಾಪಸ್ ಕೊಡಬೇಕು, ಇಷ್ಟೇ ಕತೆ. ಇಬ್ಬರ ನಡುವೆ ಒಂದು ಗೆರೆ ಇದೆ ಅಂದುಕೊಳ್ಳಿ, ಕ್ಯಾಮೆರಾ ಆ ಗೆರೆಯ ಒಂದೇ ಬದಿಗೆ ಇರಬೇಕು ಅಂದರು. ದಾಟಿದರೆ ಏನಾಗುತ್ತೆ ಅಂತ ದಾಟಿಸಿಯೇ ತೋರಿಸಿದರು. ಎದುರುಬದುರು ಕೂತವರು ತೆರೆ ಮೇಲೆ ಒಂದೇ ಕಡೆ ಮುಖ ಮಾಡಿ ಕೂತಂಗೆ ಕಾಣಿಸಿತು. ಎಡಿಟ್‌ಗೆ ಕೂತಾಗ ಜೆ-ಕಟ್ ಹೇಳಿಕೊಟ್ಟರು. ಸಾಲ ಕೊಟ್ಟವನು "ಯಾವಾಗ ಕೊಡ್ತಿ?" ಅನ್ನೋ ದನಿ ಮೊದಲು ಕೇಳಬೇಕು, ಆಗ ತೆರೆ ಮೇಲೆ ಸಾಲ ತಗೊಂಡವನ ಮುಖ ಇರಬೇಕು. ಕೇಳಿದವನ ಮುಖ ಆಮೇಲೆ ಬರಲಿ ಅಂದರು. ಅಷ್ಟು ಸಣ್ಣ ಬದಲಾವಣೆಗೆ ಇಡೀ ಸೀನ್ ಬಿಗಿ ಆಯಿತು. ಅವರಿಗೆ ಪಾಠ ಮಾಡೋಕೆ ಬರುತ್ತಿತ್ತು. ಜಾಸ್ತಿ ಸಿಟ್ಟು ಬರೋದು ಅದಕ್ಕೇ.

ಶ್ರಾವಣ ಬಂತು, ಮತ್ತೆ ಹಾರ್ಡ್ ಡಿಸ್ಕ್ ಬಂದವು.

ಆ ಮದುವೆ ಕೆಲಸದಲ್ಲಾದರೂ ಏನಾದರೂ ಕಲಿಸಿದರಾ ಅಂದ್ರೆ ಅದೂ ಇಲ್ಲ. ಒಂದು ಕಲ್ಯಾಣ ಮಂಟಪದ ಫೂಟೇಜ್ ಪೂರ್ತಿ ಕಪ್ಪು ಪಟ್ಟಿಗಳು ಓಡಾಡುತ್ತಿದ್ದವು. ಕಾರಣ ಕೇಳಿದರೆ "ಅದು ಹಂಗ ಇರತೈತಿ, ಮ್ಯಾಲೊಂದು ಫಿಲ್ಟರ್ ಹಾಕು" ಅಂದರು. ಅದು ಹಾಗೇ ಇರಬೇಕಿಲ್ಲ. ನಮ್ಮ ದೇಶದ ಕರೆಂಟು 50 ಹರ್ಟ್ಸ್. ಟ್ಯೂಬ್‌ಲೈಟ್ ಥರದ ಲೈಟುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಸೆಕೆಂಡಿಗೆ 30 ಫ್ರೇಮ್‌ನಲ್ಲಿ ಶಟರ್ (ಒಂದೊಂದು ಫ್ರೇಮ್‌ಗೆ ಬೆಳಕು ಬೀಳುವ ಹೊತ್ತು) 1/60 ಸೆಕೆಂಡ್ ಇಟ್ಟು ತೆಗೆದರೆ ಅದಕ್ಕೂ ಇದಕ್ಕೂ ತಾಳ ಕೂಡದೆ ಪಟ್ಟಿ ಬರುತ್ತೆ. 25 ಫ್ರೇಮ್, ಶಟರ್ 1/50 ಇಟ್ಟರೆ ಬಹುಪಾಲು ಸರಿಹೋಗುತ್ತೆ. ಅಗ್ಗದ ಎಲ್ಇಡಿ ಸೀರಿಯಲ್ ಸೆಟ್ ಇದ್ದರೆ ಮಾತ್ರ ಶಟರ್ ಸ್ವಲ್ಪ ಆಚೀಚೆ ಮಾಡಿ ನೋಡಬೇಕು. ಈ ಎರಡು ನಿಮಿಷದ ಮಾತನ್ನು ಕ್ಲಾಸ್‌ನಲ್ಲಿ ಯಾರೂ ಹೇಳಲಿಲ್ಲ.

ಹಾಗೇ ಕನ್ನಡ ಟೈಟಲ್. ಮದುಮಗಳ ಹೆಸರಲ್ಲಿ "ಲಕ್ಷ್ಮೀ" ಇತ್ತು. ನಾವು ಬಳಸುತ್ತಿದ್ದ ಪ್ರೀಮಿಯರ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಯುನಿಕೋಡ್‌ನಲ್ಲಿ ಟೈಪ್ ಮಾಡಿದರೆ ಒತ್ತಕ್ಷರ ಬಿಡಿಬಿಡಿಯಾಗಿ ಬಿತ್ತು. ನುಡಿಯಲ್ಲಿ ಟೈಪ್ ಮಾಡಿ, ಫೋಟೊ ಮಾಡಿ ಅಂಟಿಸು ಅಂದರು. ಕೆಲಸ ಆಯಿತು, ಆದರೆ ಹೆಸರು ತಿದ್ದಬೇಕಾದಾಗಲೆಲ್ಲ ಮೊದಲಿಂದ ಮಾಡಬೇಕು. ಪ್ರಿಫರೆನ್ಸಸ್‌ನಲ್ಲಿ ಗ್ರಾಫಿಕ್ಸ್‌ಗೆ ಹೋಗಿ ಟೆಕ್ಸ್ಟ್ ಎಂಜಿನ್ ಅನ್ನು ಸೌತ್ ಏಷ್ಯನ್ ಅಂತ ಇರೋದಕ್ಕೆ ಬದಲಿಸಿದರೆ ಅಕ್ಷರ ಸರಿಯಾಗಿ ಕೂಡುತ್ತವೆ ಅನ್ನೋದು ಆಮೇಲೆ ನಾನೇ ಹುಡುಕಿ ಕಂಡುಕೊಂಡದ್ದು. ಕನ್ನಡದ ಊರಲ್ಲಿ ಎಡಿಟಿಂಗ್ ಕಲಿಸೋರು ಇದನ್ನು ಮೊದಲ ವಾರವೇ ಹೇಳಬೇಕಲ್ವಾ?

ಇನ್ನೊಂದು ಗಂಭೀರ ವಿಷಯ, ಕ್ರ್ಯಾಕ್ ಸಾಫ್ಟ್‌ವೇರ್, ಅಂದ್ರೆ ದುಡ್ಡು ಕೊಡದೆ ಬೀಗ ಮುರಿದು ಬಳಸೋ ಕಳ್ಳ ಪ್ರತಿ. ನಮ್ಮ ಸ್ವಂತ ಲ್ಯಾಪ್‌ಟಾಪ್‌ಗೆ ಪೆನ್ ಡ್ರೈವ್‌ನಿಂದ ಹಾಕಿಕೊಟ್ಟರು. ಹಾಕುವಾಗ ಆ್ಯಂಟಿವೈರಸ್ ಬಂದ್ ಮಾಡಿಸಿದರು. ಕೆಲವು ವಾರ ಆದ ಮೇಲೆ ಬ್ಯಾಚ್‌ನ ಒಬ್ಬ ಹುಡುಗನ ಯೂಟ್ಯೂಬ್ ಚಾನೆಲ್ ಕೈತಪ್ಪಿತು. ಅವನು ಊರಿನ ಜಾತ್ರೆ, ಕುಸ್ತಿ ವಿಡಿಯೊ ಹಾಕುತ್ತಿದ್ದ ಚಾನೆಲ್‌ನಲ್ಲಿ ಯಾರೋ ಕ್ರಿಪ್ಟೊ ಲೈವ್ ಓಡಿಸುತ್ತಿದ್ದರು. ಆ ಪೆನ್ ಡ್ರೈವ್‌ನಿಂದಲೇ ಆಯಿತು ಅಂತ ಸಾಬೀತು ಮಾಡೋಕೆ ನಮ್ಮ ಹತ್ತಿರ ಏನೂ ಇಲ್ಲ. ಆದರೆ ಇಂಥ ಕ್ರ್ಯಾಕ್‌ಗಳ ಜೊತೆ ಬರುವ ಕಳ್ಳ ಪ್ರೋಗ್ರಾಂಗಳು ಬ್ರೌಸರ್‌ನ ಲಾಗಿನ್ ಕುಕೀಸ್ ಕದಿಯುತ್ತವೆ. ಅವು ಸಿಕ್ಕರೆ ಕಳ್ಳನಿಗೆ ಪಾಸ್‌ವರ್ಡ್ ಬೇಡ, ಓಟಿಪಿನೂ ಬೇಡ. ಕ್ರ್ಯಾಕ್ ಬೇಕಾಗೇ ಇಲ್ಲ, ಡಾವಿಂಚಿ ರಿಸಾಲ್ವ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರ್‌ನ ಉಚಿತ ಆವೃತ್ತಿ ಇದೆ. ಸಾಮಾನ್ಯ ಕೆಲಸಕ್ಕೆ ವಾಟರ್‌ಮಾರ್ಕ್ ಬರಲ್ಲ, 4ಕೆ ವರೆಗೆ ಎಕ್ಸ್‌ಪೋರ್ಟ್ ಆಗುತ್ತೆ. ಲ್ಯಾಪ್‌ಟಾಪ್ ಹಳೆಯದಾದರೆ ಕೆಡೆನ್‌ಲೈವ್ ಇದೆ, ಅದೂ ಉಚಿತ. "ಆ್ಯಂಟಿವೈರಸ್ ಆಫ್ ಮಾಡ್ರಿ" ಅನ್ನೋ ಜಾಗದಲ್ಲಿ ನಿಮ್ಮ ಲ್ಯಾಪ್‌ಟಾಪ್ ತೆರೆಯಲೇಬೇಡಿ.

ನನಗೆ ನಿಜವಾದ ಪೆಟ್ಟು ಬಿದ್ದದ್ದು ಕೆಲಸಕ್ಕೆ ಅರ್ಜಿ ಹಾಕುವಾಗ. ಬೆಂಗಳೂರಿನ ಒಂದು ಕಡೆ ಇಂಟರ್ನ್‌ಶಿಪ್‌ಗೆ ಕೇಳಿದೆ. ಮಾಡಿದ ಕೆಲಸ ತೋರಿಸಿ, ಪ್ರಾಜೆಕ್ಟ್ ಫೈಲ್ ತೆರೆದು ಯಾಕೆ ಹೀಗೆ ಕಟ್ ಮಾಡಿದ್ರಿ ಹೇಳಿ ಅಂದರು. ನನ್ನ ಹತ್ತಿರ ಏನಿತ್ತು? ಪ್ರಾಜೆಕ್ಟ್ ಫೈಲ್ ಇತ್ತು, ತೆರೆದರೆ ಎಲ್ಲ ಕ್ಲಿಪ್ ಕೆಂಪು, ಮೀಡಿಯಾ ಆಫ್‌ಲೈನ್. ಪ್ರಾಜೆಕ್ಟ್ ಫೈಲ್‌ನಲ್ಲಿ ವಿಡಿಯೊ ಇರಲ್ಲ, ವಿಡಿಯೊ ಎಲ್ಲಿದೆ ಅನ್ನೋ ವಿಳಾಸ ಮಾತ್ರ ಇರುತ್ತೆ. ಹಾರ್ಡ್ ಡಿಸ್ಕ್ ಅವರ ಹತ್ತಿರ. ಎಡಿಟ್ ಆದ ವಿಡಿಯೊನಾದ್ರೂ ಕೊಡಿ, ಡೆಮೊ ರೀಲ್‌ಗೆ (ಮಾಡಿದ ಕೆಲಸದ ತುಣುಕು ಜೋಡಿಸಿ ತೋರಿಸೋ ವಿಡಿಯೊ) ಹಾಕ್ಕೊಳ್ತೀನಿ ಅಂದೆ. "ಕಸ್ಟಮರ್ ಬೈತಾರಬೇ ತಂಗಿ" ಅಂದರು. ಕ್ಲಾಸ್ ಪ್ರಾಜೆಕ್ಟ್‌ಗೆ ಕಸ್ಟಮರ್ ಎಲ್ಲಿಂದ ಬಂದರು ಸರ್ ಅಂತ ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಉಣಕಲ್ಲಿನ ಆ ಚಹಾ ಅಂಗಡಿ ಸೀನ್ ಒಂದೇ ನಾನು ತೋರಿಸಬಹುದಾಗಿದ್ದದ್ದು.

ಜಗಳ ಮಾಡಿದಾಗ ಅವರು ಅಡ್ಮಿಷನ್ ಫಾರ್ಮ್ ತೆಗೆದಿಟ್ಟರು. ಅದರಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು: ತರಬೇತಿ ಅವಧಿಯಲ್ಲಿ ತಯಾರಾದ ಎಲ್ಲ ಕೆಲಸದ ಹಕ್ಕು ಸಂಸ್ಥೆಗೆ ಸೇರಿದ್ದು. ಆ ಸಾಲು ಸುಮ್ನೆ ಬಂದು ಕೂತಿಲ್ಲ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಹಕ್ಕು ಬರೆದುಕೊಡೋದಾದ್ರೆ ಅದು ಬರಹದಲ್ಲಿರಬೇಕು, ಕೊಡುವವರ ಸಹಿ ಇರಬೇಕು. ಬಾಯಿಮಾತಿಗೆ ಬೆಲೆ ಇಲ್ಲ. ಅದಕ್ಕೇ ಅಡ್ಮಿಷನ್ ಗಡಿಬಿಡಿಯಲ್ಲೇ ಸಹಿ ಮಾಡಿಸಿಕೊಳ್ಳುತ್ತಾರೆ. ನಿಮ್ಮ ಫಾರ್ಮ್‌ನಲ್ಲಿ ಅಂಥ ಸಾಲು ಕಂಡರೆ ಹೊಡೆದುಹಾಕಿ ಅನ್ನಿ, ಇಲ್ಲವೇ "ವಿದ್ಯಾರ್ಥಿ ತನ್ನ ಕೆಲಸವನ್ನು ಡೆಮೊ ರೀಲ್‌ನಲ್ಲಿ ಬಳಸಬಹುದು" ಅಂತ ಪಕ್ಕದಲ್ಲಿ ಬರೆಸಿ. ಒಪ್ಪಲ್ಲ ಅಂದರೆ ಅಲ್ಲಿ ನಿಮಗೆ ಕಾದಿರೋದು ಏನು ಅಂತ ಆಗಲೇ ಗೊತ್ತಾಯಿತು.

"ಸರಕಾರಿ ಮಾನ್ಯತೆ" ಅನ್ನೋ ಬೋರ್ಡಿಗೂ ಮರುಳಾಗಬೇಡಿ. ನಮ್ಮಲ್ಲಿ ಗೋಡೆಗೆ ಉದ್ಯಮ್ ನೋಂದಣಿ ಪತ್ರ ಫ್ರೇಮ್ ಹಾಕಿಸಿ ತೂಗುಹಾಕಿದ್ದರು, ಪಕ್ಕದಲ್ಲಿ ಐಎಸ್ಒ. ಉದ್ಯಮ್ ನೋಂದಣಿ ಯಾವ ಸಣ್ಣ ವ್ಯಾಪಾರಕ್ಕಾದ್ರೂ ಸಿಗುತ್ತೆ, ಪಾಠ ಹೇಗಿದೆ ಅಂತ ಅದು ಹೇಳಲ್ಲ. ಐಎಸ್ಒ ಕೂಡ ಸಿಲಬಸ್‌ಗೆ ಕೊಟ್ಟ ಒಪ್ಪಿಗೆ ಅಲ್ಲ. ಕೌಶಲ್ಯ ಕೋರ್ಸ್‌ಗಳ ಪ್ರಮಾಣಪತ್ರಕ್ಕೆ ದೇಶದಲ್ಲಿ ಎನ್‌ಸಿವಿಇಟಿ ಅಂತ ಒಂದು ನಿಯಂತ್ರಕ ಸಂಸ್ಥೆ ಇದೆ. ನಿಮ್ಮ ಪ್ರಮಾಣಪತ್ರ ಅದರ ಮಾನ್ಯತೆ ಇರುವ ಯಾವ ಸಂಸ್ಥೆಯಿಂದ ಬರುತ್ತೆ ಅಂತ ಕೇಳಿ. ಹಾಗಂತ ಈ ಕೆಲಸದಲ್ಲಿ ಪ್ರಮಾಣಪತ್ರ ನೋಡೋರು ಕಡಿಮೆ, ರೀಲ್ ನೋಡೋರೇ ಜಾಸ್ತಿ.

ದುಡ್ಡಿನ ಕತೆ ಹೇಳಿಬಿಡುತ್ತೇನೆ. ಕಿರುಚಿತ್ರ, ಡಾಕ್ಯುಮೆಂಟರಿ ಎರಡೂ ಆಗಲಿಲ್ಲ. ಕರಪತ್ರ, ಫೀ ರಸೀದಿ, ಆ ವಾಟ್ಸ್ಆ್ಯಪ್ ಮೆಸೇಜುಗಳು ನನ್ನ ಹತ್ತಿರ ಇದ್ದವು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದೆ. ಮುಂದೆ ಧಾರವಾಡದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗ್ತೇವೆ ಅಂತ ಅಪ್ಪ ಅವರಿಗೆ ಹೇಳಿದ ಮೇಲೆ ಎರಡನೇ ಕಂತು ವಾಪಸ್ ಬಂತು. ಮೊದಲನೇದು ಬರಲಿಲ್ಲ. ರಸೀದಿ ಇಲ್ಲದೆ ಫೋನ್‌ಪೇಯಲ್ಲಿ ಯಾರದೋ ಸ್ವಂತ ನಂಬರ್‌ಗೆ ಹಾಕಿದ್ದ ಇಬ್ಬರಿಗೆ ಏನೂ ಬರಲಿಲ್ಲ.

ಹಾಗಾದ್ರೆ ಎಲ್ಲಿ ಕಲಿಯೋದು ಅಂತ ಕೇಳ್ತೀರಿ. ಒಂದು ಹೆಸರು ಹೇಳೋಕೆ ನನಗೆ ಇಷ್ಟ ಇಲ್ಲ. ಸೇರುವ ಮೊದಲು ಹಿಂದಿನ ಬ್ಯಾಚ್‌ನ ಇಬ್ಬರ ಜೊತೆ ನೀವೇ ಮಾತಾಡಿ, ಸಂಸ್ಥೆಯವರು ಹುಡುಕಿಕೊಟ್ಟವರ ಜೊತೆ ಅಲ್ಲ. ಅವರೇ ಬರೆದು, ಅವರೇ ಶೂಟ್ ಮಾಡಿ, ಅವರೇ ಎಡಿಟ್ ಮಾಡಿದ್ದು ಏನಾದ್ರೂ ಇದೆಯಾ ನೋಡಿ. ಅದು ಎಷ್ಟೇ ಕಚ್ಚಾ ಇರಲಿ, ದನಿ ಗೊರಗೊರ ಅನ್ನಲಿ, ಪರವಾಗಿಲ್ಲ. ಸಂಸ್ಥೆ ತೋರಿಸೋ ಡೆಮೊದಲ್ಲಿ ಬರೀ ಮದುವೆ, ಡ್ರೋನ್ ಶಾಟ್, ಹಾರುವ ದುಪಟ್ಟಾ ಇದ್ದರೆ ಅದು ಸ್ಟುಡಿಯೊದ ಜಾಹೀರಾತು.

ಈಗಾಗಲೇ ಇಂಥ ಕಡೆ ಸೇರಿ ಅರ್ಧ ದಾರಿಯಲ್ಲಿ ಇರುವವರು ಮೆಸೇಜ್ ಯಾವುದನ್ನೂ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದು ಬೇರೆ ಕಡೆ ಇಡಿ. ಬಾಕಿ ಫೀ ಇದ್ದರೆ, ಕರಪತ್ರದಲ್ಲಿ ಇರುವ ಯಾವ ಪಾಠ ಯಾವಾಗ ಅಂತ ಬರಹದಲ್ಲಿ ಕೇಳಿ, ಉತ್ತರ ಬರೋವರೆಗೆ ಕಟ್ಟಬೇಡಿ. ಇನ್ನೊಬ್ಬರ ಮದುವೆ ಫೂಟೇಜ್ ನಿಮ್ಮ ಹತ್ತಿರ ಇದ್ದರೆ ಸಿಟ್ಟಿಗೆ ಅದನ್ನು ಎಲ್ಲೂ ಹಾಕಬೇಡಿ. ನಮ್ಮ ಬ್ಯಾಚ್‌ನಲ್ಲಿ ಒಬ್ಬ ಹಾಕೋಕೆ ಹೊರಟಿದ್ದ, ತಡೆದೆವು. ಆ ಮನೆಯವರು ದುಡ್ಡು ಕೊಟ್ಟು ವಿಡಿಯೊ ಮಾಡಿಸಿಕೊಂಡವರು, ಅವರಿಗೆ ಇದ್ಯಾವುದೂ ಗೊತ್ತಿಲ್ಲ. ಡಿಸ್ಕ್ ವಾಪಸ್ ಕೊಟ್ಟು, "ಮುಟ್ಟಿತು" ಅಂತ ಒಂದು ಮೆಸೇಜ್ ಹಾಕಿಸಿಕೊಳ್ಳಿ.