ಅಂಗಡಿಯ ಮೇಲಿನ ಮನೆಯೋ, ಒಳರಸ್ತೆಯ ಮನೆಯೋ?

ಬೆಂಗಳೂರಿನಲ್ಲಿ ನೀವು ನೋಡಿಬಂದ ಎರಡು ಫ್ಲ್ಯಾಟ್‌ಗಳಲ್ಲಿ ಒಂದು ಮುಖ್ಯರಸ್ತೆಯ ದೊಡ್ಡ ಸೂಪರ್‌ಮಾರ್ಕೆಟ್‌ ಮೇಲಿದೆ, ಇನ್ನೊಂದು ಒಳರಸ್ತೆಯಲ್ಲಿದೆ; ಯಾವುದನ್ನು ಕೊಳ್ಳುವುದು ಎಂಬುದು ನಿಮ್ಮ ಪ್ರಶ್ನೆ.

ಮೊದಲು ಸದ್ದಿನ ಮಾತು. ಅಂಥ ಅಂಗಡಿಯ ಮೇಲೆ ನಾನು ಮೂರು ವರ್ಷ ಬಾಡಿಗೆಗಿದ್ದೆ. ನಸುಕಿನಲ್ಲೇ ಲಾರಿ ಹಿಂದಕ್ಕೆ ಬರುವ ಬೀಪ್ ಸದ್ದು, ಶಟರ್ ಏಳುವ ಕರಕರ, ಹಾಲಿನ ಕ್ರೇಟುಗಳನ್ನು ನೆಲಕ್ಕೆ ಕುಕ್ಕುವ ಸಪ್ಪಳ. ಎದ್ದ ಮಗು ಮತ್ತೆ ಮಲಗುತ್ತಿರಲಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ರಾತ್ರಿಯ ಮಿತಿ ವಸತಿ ಪ್ರದೇಶಕ್ಕೆ 45 ಡೆಸಿಬೆಲ್, ವಾಣಿಜ್ಯ ಪ್ರದೇಶಕ್ಕೆ 55; ಅಂದರೆ ವಾಣಿಜ್ಯ ಪ್ರದೇಶದಲ್ಲಿ ಹೆಚ್ಚು ಸದ್ದಿಗೆ ಅವಕಾಶವಿದೆ. ಸರಕು ಇಳಿಸುವ ಜಾಗವೂ ಜನರೇಟರೂ ಮಲಗುವ ಕೋಣೆಯ ಯಾವ ಬದಿಗಿವೆ ಎಂದು ಬೆಳಗಿನ ಜಾವವೇ ಹೋಗಿ ನೋಡಿ.

ಅನುಕೂಲದಲ್ಲಿ ಮಾತ್ರ ಅಂಗಡಿ ಮೇಲಿನ ಮನೆಗೆ ಸಾಟಿಯಿಲ್ಲ. ಮೊಣಕಾಲು ನೋವಿನ ನನ್ನ ತಾಯಿ ಲಿಫ್ಟ್‌ನಲ್ಲಿ ಇಳಿದು ಸೊಪ್ಪನ್ನು ತಾವೇ ಆರಿಸಿ ತರುತ್ತಿದ್ದರು. ಈಗ ಒಳರಸ್ತೆಯ ಮನೆಯಲ್ಲಿ ನನ್ನ ದಾರಿ ಕಾಯುತ್ತಾರೆ.

ಬೆಲೆಗಿಂತ ಕಾಗದಪತ್ರ ಮುಖ್ಯ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯಿದೆ ವಾಸದ ಮನೆಗಳನ್ನು ಉದ್ದೇಶಿಸಿದ್ದು. ಹಾಗಾಗಿ ಅಂಗಡಿಯೂ ಸೇರಿದ ಕಟ್ಟಡದಲ್ಲಿ ಮಾಲೀಕರ ಸಂಘ ಯಾವ ಕಾನೂನಿನಡಿ ನೋಂದಣಿಯಾಗಿದೆ, ಭೂಮಿಯ ಅವಿಭಜಿತ ಪಾಲು (ಕಟ್ಟಡ ನಿಂತ ಜಾಗದಲ್ಲಿ ನಿಮ್ಮ ಫ್ಲ್ಯಾಟ್‌ಗೆ ಸೇರುವ ಭಾಗ) ಎಷ್ಟು, ನೀರಿನ ಮೀಟರ್ ಬೇರೆಯೇ ಎಂದು ವಕೀಲರಿಂದ ತಿಳಿಯಿರಿ. ಒಳರಸ್ತೆಯಲ್ಲಿ ಈ ತೊಡಕು ಕಡಿಮೆ.

ಕೈಗೂಸು ಇದ್ದರೆ, ರಾತ್ರಿಪಾಳಿ ಮುಗಿಸಿ ಬೆಳಗ್ಗೆ ಮಲಗುವವರಿದ್ದರೆ ಒಳರಸ್ತೆಯೇ ಸರಿ. ವಾಹನ ಓಡಿಸದ ಹಿರಿಯರಿಗೆ ಅಂಗಡಿಯ ಮೇಲಿನ, ಆದರೆ ಸರಕು ಇಳಿಸುವ ಬದಿಗೆ ಮುಖಮಾಡದ ಮೇಲಂತಸ್ತು ಹಿತ. ಎರಡೂ ಬೇಕೆಂದರೆ, ಮಲ್ಲೇಶ್ವರದ ಬ್ರಿಗೇಡ್ ಗೇಟ್‌ವೇಯಂತೆ ಮಾಲ್ ಮತ್ತು ಮನೆಗಳು ಒಂದೇ ಆವರಣದ ಬೇರೆ ಬೇರೆ ಕಟ್ಟಡಗಳಲ್ಲಿರುವ ಕಡೆಯೂ ವಿಚಾರಿಸಿ.