ಸೆಮಿನಾರಿಗೆ ಯುರೇನಿಯಮ್ಮೋ, ಥೋರಿಯಮ್ಮೋ?

ವಿಜಯಪುರ, ಬಾಗಲಕೋಟೆ ಕಡೆಯ ಬಿ.ಎಸ್ಸಿ. ವಿದ್ಯಾರ್ಥಿಯೊಬ್ಬರು ಸೆಮಿನಾರಿಗೆ ವಿಕಿರಣಶೀಲ ಲೋಹವೊಂದನ್ನು ಆರಿಸಬೇಕಾದರೆ ಯುರೇನಿಯಂ, ಥೋರಿಯಂ ಎರಡೂ ಒಳ್ಳೆಯ ವಿಷಯಗಳೇ.

ಯುರೇನಿಯಂ ಘನ ಸೆಂಟಿಮೀಟರಿಗೆ ಸುಮಾರು 19 ಗ್ರಾಂ ತೂಗುತ್ತದೆ ಮತ್ತು 1132 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಥೋರಿಯಂ 11.7 ಗ್ರಾಂ ತೂಗಿದರೂ ಅದನ್ನು ಕರಗಿಸಲು ಸುಮಾರು 1750 ಡಿಗ್ರಿ ಬೇಕು. ಯುರೇನಿಯಂ-238ರ ಅರ್ಧಾಯುಷ್ಯ (ಅರ್ಧದಷ್ಟು ಪರಮಾಣುಗಳು ಕ್ಷಯಿಸಲು ಹಿಡಿಯುವ ಕಾಲ) ಸುಮಾರು 447 ಕೋಟಿ ವರ್ಷ, ಥೋರಿಯಂ-232ರದ್ದು 1400 ಕೋಟಿ.

ನಿಜವಾದ ವ್ಯತ್ಯಾಸವಿರುವುದು ವಿದಳನದಲ್ಲಿ, ಅಂದರೆ ಪರಮಾಣುವಿನ ಬೀಜ ಸೀಳಿ ಶಕ್ತಿ ಹೊಮ್ಮುವುದರಲ್ಲಿ. ನೈಸರ್ಗಿಕ ಯುರೇನಿಯಮ್ಮಿನಲ್ಲಿ ಶೇ. 0.7ರಷ್ಟೇ ಇರುವ ಯುರೇನಿಯಂ-235 ಎಂಬ ಬಗೆಯು ನಿಧಾನಗತಿಯ ನ್ಯೂಟ್ರಾನ್ ತಾಗಿದರೆ ಸೀಳುತ್ತದೆ. ನಮ್ಮ ರಾಜ್ಯದ ಕೈಗಾ ಅಣುವಿದ್ಯುತ್ ಸ್ಥಾವರ ನಡೆಯುವುದು ಇದರ ಬಲದಿಂದಲೇ. ಥೋರಿಯಂ-232 ಹಾಗೆ ಸೀಳದೆ, ನ್ಯೂಟ್ರಾನನ್ನು ಹೀರಿಕೊಂಡು, ಎರಡು ಬೀಟಾ ಕ್ಷಯಗಳ (ಬೀಜದಿಂದ ಎಲೆಕ್ಟ್ರಾನ್ ಹೊರಬೀಳುವ ಕ್ಷಯ) ಬಳಿಕ, ಪ್ರೊಟ್ಯಾಕ್ಟಿನಿಯಂ ಎಂಬ ಧಾತುವಿನ ಹಾದಿಯಲ್ಲಿ ಯುರೇನಿಯಂ-233 ಆಗಿ ಮಾರ್ಪಟ್ಟ ಮೇಲಷ್ಟೇ ಇಂಧನವಾಗುತ್ತದೆ.

ಓದಲು ಆಕರ ಗ್ರಂಥಗಳು ಸುಲಭವಾಗಿ ಸಿಗಬೇಕೆಂದರೆ ಯುರೇನಿಯಂ ಲೇಸು. ಆದರೆ ನನ್ನ ಒಲವು ಥೋರಿಯಮ್ಮಿನ ಕಡೆಗೆ: ಕೇರಳ ಕರಾವಳಿಯ ಮೊನಜೈಟ್ ಮರಳು ಅದರ ದೊಡ್ಡ ಆಕರ, ಮೇಲಾಗಿ, ನಮ್ಮ ಹಳ್ಳಿಗಳಲ್ಲಿ ಬಯಲಾಟದ ಅಟ್ಟವನ್ನು ರಾತ್ರಿಯಿಡೀ ಬೆಳಗಿದ ಪೆಟ್ರೋಮ್ಯಾಕ್ಸ್ ದೀಪದ ಹಳೆಯ ಕಾಲದ, ಉರಿಯಲ್ಲಿ ಬೆಳಗುವ ಬಲೆಯಂಥ ಮ್ಯಾಂಟಲ್‌ಗಳಲ್ಲಿ ಇದ್ದುದು, ಸುಮಾರು 3300 ಡಿಗ್ರಿಯವರೆಗೂ ಕರಗದ ಥೋರಿಯಂ ಆಕ್ಸೈಡೇ.